ನಿಮ್ಮ ಲೀಡ್ಸ್ ಲೇಖನದಲ್ಲಿ ವಿಗನ್ ಮ್ಯಾಚ್ ಎಲ್ಲಿ?

ನಮಸ್ಕಾರ,

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲೀಡ್ಸ್ ಯುನೈಟೆಡ್‌ನ 2018-19ರ ಸೀಸನ್ ಬಗ್ಗೆ ನೀವು ಕಳ್ಸಿದ ಲೇಖನ ಪೂರ್ತಿ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ ದಯವಿಟ್ಟು ಕೈಬಿಡ್ಬೇಡಿ, ಯಾಕಂದ್ರೆ ಪ್ರೀಮಿಯರ್ ಲೀಗ್ ಬಿಟ್ಟು ಅದ್ರ ಕೆಳಗಿರೋ ಚಾಂಪಿಯನ್‌ಶಿಪ್ ಬಗ್ಗೆ ಕನ್ನಡದಲ್ಲಿ ಇಷ್ಟು ಆಸೆಪಟ್ಟು ಬರೆಯೋರು ತುಂಬಾ ಕಮ್ಮಿ, ನಿಮಗೆ ಆ ಟೀಮ್ ಮೇಲೆ ಪ್ರೀತಿ ಇದೆ ಅಂತ ಪ್ರತಿ ಪ್ಯಾರಾದಲ್ಲೂ ಗೊತ್ತಾಗತ್ತೆ.

ನಿಮ್ ವಾದ ಏನು? ಕೋಚ್ ಮಾರ್ಸೆಲೋ ಬಿಯೆಲ್ಸಾ ತಮ್ಮ ಪ್ರಾಮಾಣಿಕತೆಗೆ ಬೆಲೆ ತೆತ್ತರು, ಆಸ್ಟನ್ ವಿಲ್ಲಾಗೆ ಬೇಕಂತಲೇ ಬಿಟ್ಕೊಟ್ಟ ಆ ಒಂದ್ ಗೋಲಿಂದ ಪ್ರೊಮೋಷನ್ (ಪ್ರೀಮಿಯರ್ ಲೀಗ್‌ಗೆ ಏರೋದು) ಕೈತಪ್ತು ಅಂತ. ಓದೋಕೆ ಚೆನ್ನಾಗಿದೆ, ಆದ್ರೆ ನಿಜ ಅಲ್ಲ. ಲೆಕ್ಕ ನೋಡಿ. ಏಪ್ರಿಲ್ 28ಕ್ಕೆ ವಿಲ್ಲಾ ಮ್ಯಾಚ್ ಶುರುವಾದಾಗ ಲೀಡ್ಸ್‌ದು 82 ಪಾಯಿಂಟ್, ಎರಡನೇ ಸ್ಥಾನದಲ್ಲಿದ್ದ ಶೆಫೀಲ್ಡ್ ಯುನೈಟೆಡ್‌ದು 88. ಲೀಡ್ಸ್‌ಗೆ ಉಳ್ದಿದ್ದೇ ಎರಡು ಮ್ಯಾಚ್, ಎರಡೂ ಗೆದ್ದಿದ್ರೂ 88, ಗೋಲ್ ಡಿಫರೆನ್ಸ್‌ನಲ್ಲಿ (ಹಾಕಿದ ಗೋಲ್‌ನಿಂದ ಬಿಟ್ಕೊಟ್ಟ ಗೋಲ್ ಕಳೆದ್ರೆ ಬರೋದು) ಶೆಫೀಲ್ಡ್ ಎಲ್ಲೋ ಮುಂದಿತ್ತು. ಅಂದ್ರೆ ಆ ಗೋಲ್ ಕೊಡದೇ ಇದ್ದಿದ್ರೂ ಮೊದ್ಲ ಎರಡು ಟೀಮ್‌ಗೆ ಸಿಗೋ ನೇರ ಪ್ರೊಮೋಷನ್ ಸಿಗ್ತಾ ಇರ್ಲಿಲ್ಲ. ನಿಮ್ ಇಡೀ ಲೇಖನ ನಿಂತಿರೋದು ಈ ಒಂದ್ ಮಾತಿನ ಮೇಲೆ, ಅದೇ ಬಿದ್ಹೋದ್ರೆ ಉಳ್ದಿದ್ದೆಲ್ಲ ಅಲ್ಲಾಡತ್ತೆ.

ಹಾಗಾದ್ರೆ ಕೈತಪ್ಪಿದ್ದು ಎಲ್ಲಿ? ನೀವೇ ಬರ್ದಿದೀರಿ, ಒಂದೇ ವಾಕ್ಯದಲ್ಲಿ, "ವಿಗನ್ ವಿರುದ್ಧ ಅನಿರೀಕ್ಷಿತ ಸೋಲು" ಅಂತ. ಆ ವಾಕ್ಯದೊಳಗೇ ಇಡೀ ಸೀಸನ್ ಇದೆ! ಏಪ್ರಿಲ್ 19, ಗುಡ್ ಫ್ರೈಡೇ. ಲೀಡ್ಸ್ ಎರಡನೇ ಸ್ಥಾನದಲ್ಲಿ, ಶೆಫೀಲ್ಡ್‌ಗಿಂತ 3 ಪಾಯಿಂಟ್ ಮುಂದೆ, ಆಡ್ತಿರೋದು ಸ್ವಂತ ಗ್ರೌಂಡ್ ಎಲಂಡ್ ರೋಡ್‌ನಲ್ಲಿ, ಎದುರಾಳಿ ಆಗಸ್ಟ್‌ನಿಂದ ಹೊರಗಡೆ ಒಂದೂ ಮ್ಯಾಚ್ ಗೆಲ್ಲದ ವಿಗನ್. ಮ್ಯಾಚ್ ಶುರುವಾಗಿ ಕಾಲು ಗಂಟೆ ಆಗೋದ್ರೊಳಗೆ ವಿಗನ್ ಡಿಫೆಂಡರ್ ಕಿಪ್ರೆ ಹ್ಯಾಂಡ್‌ಬಾಲ್ ಮಾಡಿ ರೆಡ್ ಕಾರ್ಡ್ ತಗೊಂಡು ಹೊರಗೆ ಹೋದ, ಪೆನಾಲ್ಟಿ ಬೇರೆ. ಲೀಡ್ಸ್‌ನ ಪಾಬ್ಲೋ ಹೆರ್ನಾಂಡೆಜ್ ಅದನ್ನ ಪೋಸ್ಟ್‌ಗೆ ಹೊಡೆದ. ಸ್ವಲ್ಪ ಹೊತ್ತಿಗೆ ಲೀಡ್ಸ್‌ನ ಬ್ಯಾಮ್‌ಫರ್ಡ್ ಗೋಲ್ ಹಾಕಿ 1-0 ಆಯ್ತು, ಎದುರಿಗೆ ಹತ್ತೇ ಜನ, ಇನ್ನೇನು ಮುಗೀತು ಅನ್ನೋ ಹೊತ್ತಲ್ಲಿ ಹಾಫ್ ಟೈಮ್‌ಗೆ ಸ್ವಲ್ಪ ಮುಂಚೆ ವಿಗನ್‌ನ ಗ್ಯಾವಿನ್ ಮ್ಯಾಸಿ ಸಮ ಮಾಡಿದ, ಸೆಕೆಂಡ್ ಹಾಫಲ್ಲಿ ಅವನೇ ಇನ್ನೊಂದು ಹಾಕಿದ. 1-2. ಅದೇ ದಿನ ಶೆಫೀಲ್ಡ್ ಗೆದ್ದು ಮೇಲೆ ಹೋಯ್ತು, ಮೂರು ದಿನ ಬಿಟ್ಟು ಲೀಡ್ಸ್ ಬ್ರೆಂಟ್‌ಫರ್ಡ್‌ನಲ್ಲಿ 2-0 ಸೋತ್ರು. ಅಲ್ಲಿಗೆ ಕಥೆ ಮುಗೀತು.

ಬಿಯೆಲ್ಸಾ ಟೀಮ್ ಯಾಕೆ ಹಾಗೆ, ಇಡೀ ಮ್ಯಾಚ್ ಬಾಲ್ ಇಟ್ಕೊಂಡು, ಎದುರಾಳಿಗಿಂತ ಜಾಸ್ತಿ ಓಡಿ, ಚಾನ್ಸ್ ಮೇಲೆ ಚಾನ್ಸ್ ಮಾಡ್ಕೊಂಡು ಗೋಲ್ ಮಾತ್ರ ಹಾಕದೇ ಬರೋದು, ಇದನ್ನ ಕೇಳಿ ನೀವು. ಚಿಕ್ಕ ಸ್ಕ್ವಾಡ್ ಇಟ್ಕೊಂಡು 46 ಮ್ಯಾಚ್ ಅದೇ ವೇಗದಲ್ಲಿ ಆಡೋದು ಸುಲಭ ಅಲ್ಲ. ನನ್ ಅಭಿಪ್ರಾಯ ಕೇಳಿದ್ರೆ ಅವರನ್ನ ತಡೆದಿದ್ದು ನಿಯತ್ತಲ್ಲ, ಫಿನಿಶಿಂಗ್.

ಸ್ಪೈಗೇಟ್‌ಗೆ ನೀವು ಅರ್ಧ ಲೇಖನ ಕೊಟ್ಟಿದೀರಿ. ಡರ್ಬಿ ಕೌಂಟಿ ಟ್ರೇನಿಂಗ್ ಗ್ರೌಂಡ್ ಹತ್ರ ಲೀಡ್ಸ್ ಸ್ಟಾಫ್ ಒಬ್ಬ ಸಿಕ್ಕಿಬಿದ್ದಿದ್ದು, ಬಿಯೆಲ್ಸಾ ಪತ್ರಕರ್ತರನ್ನ ಕೂರಿಸಿ ಎದುರಾಳಿಗಳನ್ನ ಹೇಗೆ ಸ್ಟಡಿ ಮಾಡ್ತೀವಿ ಅಂತ ಪವರ್‌ಪಾಯಿಂಟ್‌ನಲ್ಲಿ ತೋರ್ಸಿದ್ದು, 2 ಲಕ್ಷ ಪೌಂಡ್ ದಂಡ, ಎಲ್ಲಾ ಸರಿ, ಆದ್ರೆ ಇದನ್ನ ಎಲ್ರೂ ಬರ್ದಿದಾರೆ. ಒಂದ್ ಪ್ಯಾರಾ ಸಾಕು.

ವಿಲ್ಲಾ ಮ್ಯಾಚ್ ತೆಗೀಬೇಡಿ, ಆದ್ರೆ "ಮಹಾನ್ ಕ್ರೀಡಾಸ್ಫೂರ್ತಿ" ಅಂತ ಹೇಳಿ ಮುಂದೆ ಹೋಗ್ಬೇಡಿ, ನಮಗೆ ತೋರ್ಸಿ. ವಿಲ್ಲಾದ ಕೊಡ್ಜಿಯಾ ನೆಲದ ಮೇಲೆ ಬಿದ್ದಿದಾನೆ, ಬಾಲ್ ಹೊರಗೆ ಹೋಗತ್ತೆ ಅಂತ ಎಲ್ರೂ ಅಂದ್ಕೊಂಡಿದಾರೆ, ಆದ್ರೆ ಲೀಡ್ಸ್ ಆಟ ನಿಲ್ಸಲ್ಲ, ಕ್ಲಿಖ್ ಗೋಲ್ ಹಾಕ್ತಾನೆ, ಆಮೇಲೆ ತಳ್ಳಾಟ, ಗಲಾಟೆ, ವಿಲ್ಲಾದ ಎಲ್ ಗಾಜಿಗೆ ರೆಡ್ ಕಾರ್ಡ್ (ಅದು ತಪ್ಪು ತೀರ್ಪು ಅಂತ ಆಮೇಲೆ ವಾಪಸ್ ತಗೊಂಡ್ರು, ಏಟು ಬಿದ್ದ ಹಾಗೆ ನಟಿಸಿದ್ದಕ್ಕೆ ಬ್ಯಾಮ್‌ಫರ್ಡ್‌ಗೆ ಎರಡು ಮ್ಯಾಚ್ ನಿಷೇಧ, ಇದನ್ನ ನೀವು ಬರ್ದೇ ಇಲ್ಲ). ಬಿಯೆಲ್ಸಾ ಸೈಡ್‌ಲೈನ್‌ನಿಂದ ಗೋಲ್ ಕೊಡಿ ಅಂತ ಕೂಗ್ತಾರೆ. ಕಿಕಾಫ್ ಆದ್ಮೇಲೆ ಲೀಡ್ಸ್‌ನವರು ನಿಂತಲ್ಲೇ ನಿಲ್ತಾರೆ, ವಿಲ್ಲಾದ ಅಡೋಮಾ ಬಾಲ್ ತಗೊಂಡು ಹೋಗ್ತಾನೆ, ಲೀಡ್ಸ್‌ನ ಒಬ್ಬ ಪೊಂಟಸ್ ಯಾನ್ಸನ್ ಮಾತ್ರ ಮನಸ್ಸು ಒಪ್ಪದೆ ಅಡ್ಡ ಹೋಗ್ತಾನೆ. ನನಗೆ ಬೇಕಿರೋದು ಆ ಯಾನ್ಸನ್. ಕೋಚ್ ಹೇಳಿದ್ದು ಎಲ್ರಿಗೂ ಅಷ್ಟು ಸಲೀಸಾಗಿ ಇಳೀಲಿಲ್ಲ ಅನ್ನೋದು ಅವನಲ್ಲಿ ಕಾಣ್ಸತ್ತೆ.

ಪ್ಲೇಆಫ್ (ಉಳಿದ ಒಂದು ಪ್ರೊಮೋಷನ್‌ಗೆ ನಡೆಯೋ ನಾಕೌಟ್) ಭಾಗ ನಿಮ್ದು ತುಂಬಾ ಚೆನ್ನಾಗಿದೆ. ಡರ್ಬಿಯಲ್ಲಿ 1-0 ಗೆದ್ದು, ಮನೇಲಿ ಡಲಾಸ್ ಗೋಲಿಂದ ಎರಡೂ ಮ್ಯಾಚ್ ಸೇರಿ ಒಟ್ಟು 2-0 ಮುಂದಿದ್ದು, ಹಾಫ್ ಟೈಮ್‌ಗೆ ಮುಂಚೆ ಕೂಪರ್ ಮತ್ತೆ ಗೋಲ್‌ಕೀಪರ್ ಕಸೀಯಾ ನಡುವಿನ ಗೊಂದಲದಲ್ಲಿ ಡರ್ಬಿಯ ಮ್ಯಾರಿಯಟ್‌ಗೆ ಖಾಲಿ ಗೋಲ್ ಸಿಕ್ಕಿದ್ದು, ಕೊನೆಗೆ ಆ ಮ್ಯಾಚ್ 4-2ರಲ್ಲಿ ಸೋತು ಮುಳುಗಿದ್ದು, ಅದನ್ನ ಮುಟ್ಬೇಡಿ, ಒಂದಕ್ಷರ ಕೂಡ.

ಇನ್ನೊಂದು, 24 ಟೀಮ್, ಮೊದ್ಲ ಎರಡಕ್ಕೆ ನೇರ ಪ್ರೊಮೋಷನ್, ಆಗ 3ರಿಂದ 6ಕ್ಕೆ ಪ್ಲೇಆಫ್, ಇಷ್ಟನ್ನ ಶುರುವಲ್ಲೇ ಎರಡ್ ಸಾಲಲ್ಲಿ ಹೇಳಿ. 2004ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿದ್ದ ಕ್ಲಬ್ ಇದು ಅಂತನೂ ಹೇಳಿ, ಇಲ್ಲಾಂದ್ರೆ ಮೂರನೇ ಸ್ಥಾನಕ್ಕೆ ಬಂದೋರು ಯಾಕೆ ಅಷ್ಟು ಅತ್ರು ಅಂತ ಓದೋರಿಗೆ ತಿಳಿಯಲ್ಲ. ಮುಂದಿನ ವರ್ಷ 93 ಪಾಯಿಂಟ್‌ನಲ್ಲಿ ಚಾಂಪಿಯನ್ ಆದ್ರು ಅನ್ನೋದನ್ನ ಕೊನೇಲಿ ಸಮಾಧಾನಕ್ಕೆ ಅಂಟಿಸಿದೀರಲ್ಲ, ಅದನ್ನ ತೆಗೀರಿ, ಅದು ಬೇರೇನೇ ಲೇಖನ.

ವಿಗನ್ ಮ್ಯಾಚಿಂದ ಶುರು ಮಾಡಿ ಇನ್ನೊಂದು ಸಲ ಬರ್ದು ಕಳ್ಸಿ, ಉದ್ದ ಆದ್ರೂ ಪರವಾಗಿಲ್ಲ, ನಾನು ಓದ್ತೀನಿ.