ಬಾಯಿ ಕಟ್ಟುವುದು ಅಷ್ಟು ಸುಲಭವಾ?

ಕಳೆದ ಸಂಚಿಕೆಯಲ್ಲಿ ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಮತ್ತು ಅವರ ಇಲಿಗಳ ಬಗ್ಗೆ ಒಂದು ಪುಟದ ಲೇಖನ ಹಾಕಿದ್ದೆವು. ಬೊಜ್ಜು ಬರೀ ಇಚ್ಛಾಶಕ್ತಿಯ ಕೊರತೆ ಅಲ್ಲ, ಹೆತ್ತವರಿಂದ ಬರುವ ಜೀನ್‌ಗಳ ಕೈವಾಡವೂ ಇದೆ ಅನ್ನುವುದು ಅದರ ಸಾರ. ಅದಕ್ಕೆ ಓದುಗರೊಬ್ಬರು ಎರಡೂವರೆ ಪುಟದ ಪತ್ರ ಬರೆದಿದ್ದಾರೆ. ತಿರುಳು ಇಷ್ಟು: "ನಾನು 61ನೇ ವಯಸ್ಸಿನಲ್ಲಿ 11 ಕಿಲೋ ಇಳಿಸಿದೆ. ಯಾವ ಜೀನೂ ಅಡ್ಡ ಬರಲಿಲ್ಲ. ಬಾಯಿ ಕಟ್ಟಿದೆ, ಕಾಲು ಬೀಸಿ ನಡೆದೆ, ಅಷ್ಟೇ. ನೀವು ಇಂಥದ್ದನ್ನೆಲ್ಲ ಅಚ್ಚು ಹಾಕಿ ಸೋಮಾರಿಗಳ ಕೈಗೆ ನೆಪ ಕೊಡುತ್ತಿದ್ದೀರಿ. ನನ್ನ ತಮ್ಮ ಆಗಲೇ ಆ ಪುಟ ಕತ್ತರಿಸಿ ಇಟ್ಟುಕೊಂಡಿದ್ದಾನೆ."

ಮೊದಲು ಶಹಬ್ಬಾಸ್ ಹೇಳಿಬಿಡುತ್ತೇನೆ. 61ರಲ್ಲಿ 11 ಕಿಲೋ ಇಳಿಸುವುದು ಆಟ ಅಲ್ಲ. ನನ್ನ ಕೈಲಿ ಆಗಿಲ್ಲ. ಊಟ, ನಡಿಗೆ, ನಿದ್ದೆ ಎಲ್ಲಕ್ಕೂ ಬೆಲೆ ಇದೆ. ಕಳೆದ ನಾಲ್ಕೈದು ದಶಕದಲ್ಲಿ ಜಗತ್ತಿನ ತುಂಬ ಬೊಜ್ಜು ಏರಿದ್ದು ಜೀನ್ ಬದಲಾಗಿ ಅಲ್ಲ, ಅಷ್ಟು ಬೇಗ ಜೀನ್ ಬದಲಾಗುವುದೂ ಇಲ್ಲ. ಇಷ್ಟನ್ನು ಒಪ್ಪಿದೆ. ಈಗ ನನ್ನ ಮಾತು ಕೇಳಿ.

ನೀವು ಲೇಖನವನ್ನು ಕೋಪದಲ್ಲಿ ಓದಿದ್ದೀರಿ ಅನ್ನಿಸುತ್ತದೆ. ಇಲಿಗಳ ಭಾಗ ದಾಟಿ ಹೋಗಿದ್ದೀರಿ. ಅಲ್ಲೇ ಇರೋದು ಎಲ್ಲ.

ಕೋಲ್ಮನ್ ಕೆನಡಾದವರು, ಓದಿದ್ದು ಜೀವರಸಾಯನಶಾಸ್ತ್ರ. 1958ರಲ್ಲಿ ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯಕ್ಕೆ ಬಂದರು. ಒಂದೆರಡು ವರ್ಷ ಇದ್ದು ಹೋಗೋಣ ಅಂತ ಬಂದವರು ನಿವೃತ್ತಿಯವರೆಗೂ ಅಲ್ಲೇ ಉಳಿದರು. ಅಲ್ಲಿ ಇಲಿ ಸಾಕುವುದೇ ಕೆಲಸ. ಎರಡು ಬಗೆಯ ಬೊಜ್ಜಿನ ಇಲಿಗಳು ಅಲ್ಲಿ ತಾವಾಗಿಯೇ ಹುಟ್ಟಿದ್ದವು. ಒಂದು 'ಓಬಿ', 1949ರಲ್ಲಿ ಕಣ್ಣಿಗೆ ಬಿದ್ದದ್ದು. ಇನ್ನೊಂದು 'ಡೀಬಿ', ಅರವತ್ತರ ದಶಕದ ಮಧ್ಯದಲ್ಲಿ ಸಿಕ್ಕಿದ್ದು. ಎರಡೂ ತಿನ್ನುವುದನ್ನು ನಿಲ್ಲಿಸುತ್ತಲೇ ಇರಲಿಲ್ಲ. ಎರಡರದ್ದೂ ಒಂದೊಂದೇ ಜೀನ್ ಕೆಟ್ಟಿತ್ತು, ಆದರೆ ಬೇರೆ ಬೇರೆ ಜೀನ್.

ಕೋಲ್ಮನ್ ಏನು ಮಾಡಿದರು ಅಂದರೆ, ಎರಡು ಇಲಿಗಳ ಪಕ್ಕೆಗೆ ಪಕ್ಕೆ ಸೇರಿಸಿ ಹೊಲಿದರು. ಒಂದರ ರಕ್ತ ಸ್ವಲ್ಪ ಸ್ವಲ್ಪ ಇನ್ನೊಂದಕ್ಕೆ ಹರಿಯುತ್ತದೆ. ಓದುವಾಗ ಮೈ ಜುಂ ಅನ್ನುತ್ತದೆ, ಗೊತ್ತು. ಆದರೆ ಏನಾಯಿತು ನೋಡಿ. ಡೀಬಿ ಇಲಿಗೆ ಒಂದು ಮಾಮೂಲಿ ಇಲಿಯನ್ನು ಹೊಲಿದರೆ, ಮಾಮೂಲಿ ಇಲಿ ತಿನ್ನುವುದನ್ನೇ ಬಿಟ್ಟು ಸತ್ತುಹೋಯಿತು. ರೋಗ ಇಲ್ಲ, ಗಾಯ ಇಲ್ಲ. ಕೊಯ್ದು ನೋಡಿದರೆ ಹೊಟ್ಟೆ ಖಾಲಿ. ತಿನ್ನಲು ಬೇಕಾದಷ್ಟು ಎದುರಿಗೇ ಇತ್ತು, ಬೇಡ ಅನ್ನಿಸಿದೆ! ಪಕ್ಕದ ಡೀಬಿ ಮಾತ್ರ ಮೇಯುತ್ತಲೇ ಇತ್ತು. ಆಮೇಲೆ ಡೀಬಿಗೆ ಓಬಿಯನ್ನೇ ಹೊಲಿದರು. ಹುಟ್ಟಾ ತಿಂಡಿಪೋತ ಓಬಿಯೂ ತಿನ್ನುವುದು ಬಿಟ್ಟು ಹಸಿದೇ ಸತ್ತಿತು. ಓಬಿಗೆ ಮಾಮೂಲಿ ಇಲಿ ಹೊಲಿದಾಗ ಓಬಿ ಕಡಿಮೆ ತಿಂದಿತು, ತೂಕದ ಏರಿಕೆಗೆ ಕಡಿವಾಣ ಬಿತ್ತು.

ಇಷ್ಟರಿಂದ ಕೋಲ್ಮನ್ ಹೇಳಿದ್ದು: ರಕ್ತದಲ್ಲಿ 'ಸಾಕು' ಅನ್ನುವ ಒಂದು ಸುದ್ದಿ ಓಡಾಡುತ್ತದೆ. ಓಬಿಗೆ ಆ ಸುದ್ದಿ ಕಳಿಸಲು ಬರುವುದಿಲ್ಲ. ಡೀಬಿ ರಾಶಿ ರಾಶಿ ಕಳಿಸುತ್ತದೆ, ಆದರೆ ಅದಕ್ಕೆ ಕೇಳಿಸುವುದಿಲ್ಲ. ಒಂದು ಮೂಕ, ಒಂದು ಕಿವುಡು. ಇದು 1973ರ ಹೊತ್ತಿಗೆ ಅಚ್ಚಾಗಿತ್ತು. ನಂಬಿದವರು ಎಷ್ಟು ಮಂದಿ? ಬಹಳ ಮಂದಿಗೆ ಬೊಜ್ಜು ಅಂದರೆ ಬರೀ ನಡವಳಿಕೆಯ ದೋಷ, ಇಚ್ಛಾಶಕ್ತಿಯ ಕೊರತೆ. ನಿಮ್ಮ ಪತ್ರದ ವಾದವೇ ಸ್ವಾಮಿ, ದೊಡ್ಡ ದೊಡ್ಡ ವಿಜ್ಞಾನಿಗಳ ಬಾಯಲ್ಲೂ ಇತ್ತು.

ಆ ಸುದ್ದಿ ಯಾವುದು ಅಂತ ಕೋಲ್ಮನ್ ಹುಡುಕಿದರು, ಸಿಗಲಿಲ್ಲ. ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಎಂಟು ವರ್ಷ ಬೆನ್ನು ಹತ್ತಿ 1994ರಲ್ಲಿ ಹಿಡಿದರು. ಲೆಪ್ಟಿನ್ ಅಂತ ಹೆಸರಿಟ್ಟರು, ಗ್ರೀಕ್‌ನಲ್ಲಿ 'ಲೆಪ್ಟೋಸ್' ಅಂದರೆ ತೆಳು. ತಮಾಷೆ ಏನೆಂದರೆ, ಅದನ್ನು ಮಾಡಿ ಕಳಿಸುವುದು ಕೊಬ್ಬೇ. ನಾವು ಸುಮ್ನೆ ಬಿದ್ದಿರುವ ಮೂಟೆ ಅಂದುಕೊಂಡಿದ್ದ ಕೊಬ್ಬು ಮಿದುಳಿಗೆ ದಿನಾ ಕಾಗದ ಬರೆಯುತ್ತಿತ್ತು.

ಇಲಿಯದ್ದು ಇಲಿಗೆ, ಮನುಷ್ಯರಿಗೆ ಏನು ಅಂತೀರಾ? 1997ರಲ್ಲಿ ಕೇಂಬ್ರಿಡ್ಜ್‌ನ ಸ್ಟೀಫನ್ ಓ'ರಾಹಿಲಿ, ಸದಫ್ ಫಾರೂಕಿ ಮತ್ತು ಜೊತೆಗಾರರು ಒಂದೇ ಬಳಗದ ಇಬ್ಬರು ಮಕ್ಕಳ ಬಗ್ಗೆ ಬರೆದರು. ಹುಡುಗಿಗೆ ಎಂಟು ವರ್ಷ, ತೂಕ 86 ಕಿಲೋ. ಹುಡುಗನಿಗೆ ಎರಡು ವರ್ಷ, 29 ಕಿಲೋ. ಇಬ್ಬರ ರಕ್ತದಲ್ಲೂ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹುಡುಗಿಗೆ ದಿನಾ ಲೆಪ್ಟಿನ್ ಚುಚ್ಚುಮದ್ದು ಕೊಟ್ಟರು. ಚುಚ್ಚುಮದ್ದು ಶುರುವಾಗುವ ಹೊತ್ತಿಗೆ 94 ಕಿಲೋಗೆ ಏರಿದ್ದವಳು ಒಂದು ವರ್ಷದಲ್ಲಿ 16 ಕಿಲೋ ಇಳಿದಳು. ಆ ಒಂದು ವರ್ಷದಲ್ಲಿ ಅವಳ ಇಚ್ಛಾಶಕ್ತಿ ಎಲ್ಲಿಂದ ಬಂತು, ಹೇಳಿ? ಸಿರಿಂಜಿನಿಂದಲಾ?

ಇಂಥ ಮಕ್ಕಳು ಬಹಳ ಅಪರೂಪ, ಒಪ್ಪುತ್ತೇನೆ. ಬೊಜ್ಜಿರುವ ಬಹುಪಾಲು ಜನರಿಗೆ ಲೆಪ್ಟಿನ್ ಕಡಿಮೆ ಇಲ್ಲ, ಜಾಸ್ತಿಯೇ ಇರುತ್ತದೆ, ಕೇಳಿಸಿಕೊಳ್ಳುವ ಕಡೆ ಮಂದ. ಅವರಿಗೆ ಚುಚ್ಚುಮದ್ದು ಕೊಟ್ಟು ನೋಡಿದಾಗ ಹೇಳಿಕೊಳ್ಳುವ ಫಲ ಬರಲಿಲ್ಲ. ಅವರಲ್ಲಿ ಒಂದೇ ಜೀನ್ ಅಲ್ಲ, ನೂರಾರು ಜೀನ್‌ಗಳು ಚೂರು ಚೂರು ತಳ್ಳುತ್ತವೆ. 2007ರಲ್ಲಿ ಸಿಕ್ಕ ಎಫ್‌ಟಿಓ ಜೀನ್ ನೋಡಿ: ಅದರ ಒಂದು ಬಗೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಸರಾಸರಿ 3 ಕಿಲೋ ಹೆಚ್ಚು. ಮೂರೇ ಕಿಲೋ. ಅಂಥವು ಎಷ್ಟೋ ಸೇರಿದರೆ?

ಕೆನಡಾದ ಕ್ಲಾಡ್ ಬುಷಾರ್ ಅವರ ಪ್ರಯೋಗ 1990ರಲ್ಲಿ ಅಚ್ಚಾಯಿತು. ಒಂದೇ ರೂಪದ ಅವಳಿ ಯುವಕರು, 12 ಜೋಡಿ. ವಾರಕ್ಕೆ ಆರು ದಿನದಂತೆ ಒಟ್ಟು 84 ದಿನ, ಎಲ್ಲರಿಗೂ ದಿನಕ್ಕೆ 1000 ಕ್ಯಾಲೊರಿ ಹೆಚ್ಚಿಗೆ ಉಣ್ಣಿಸಿದರು. ಎಲ್ಲರಿಗೂ ಒಂದೇ ಲೆಕ್ಕ. ಒಬ್ಬ 4.3 ಕಿಲೋ ಏರಿದ, ಇನ್ನೊಬ್ಬ 13.3 ಕಿಲೋ! ಆದರೆ ಅವಳಿಗಳು ಮಾತ್ರ ಹೆಚ್ಚು ಕಡಿಮೆ ಒಂದೇ ತರ ಏರಿದರು. 13 ಕಿಲೋ ಏರಿದವನಿಗೆ ನೀವು ಏನು ಹೇಳುತ್ತೀರಿ? ಬಾಯಿ ಕಟ್ಟು ಅಂತಲಾ? ತಟ್ಟೆಯಲ್ಲಿ ಎಷ್ಟು ಇರಬೇಕು ಅನ್ನೋದು ಅವನ ಕೈಲೇ ಇರಲಿಲ್ಲ.

ಸಕ್ಕರೆ ಕಾಯಿಲೆಯ ವಿಷಯದಲ್ಲೂ ನಿಮ್ಮದು ಅದೇ ರಾಗ: "ಮಾಡಿದ್ದುಣ್ಣೋ ಮಹಾರಾಯ". ಇಲ್ಲೂ ಕೋಲ್ಮನ್ ಇಲಿಗಳಿವೆ. ಡೀಬಿಯ ಅದೇ ಕೆಟ್ಟ ಜೀನನ್ನು ಅವರು ಎರಡು ಬೇರೆ ತಳಿಯ ಇಲಿಗಳಲ್ಲಿ ಇಟ್ಟು ನೋಡಿದರು. ಎರಡೂ ಡುಬ್ಬಣ್ಣಗಳೇ. ಒಂದು ತಳಿಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳು ಹಿಗ್ಗಿ ಬೆಳೆದು ಭಾರ ಹೊತ್ತವು, ಸಕ್ಕರೆ ಸ್ವಲ್ಪ ಕಾಲ ಏರಿ ಇಳಿಯಿತು. ಇನ್ನೊಂದರಲ್ಲಿ ಅವೇ ಜೀವಕೋಶಗಳು ಸೋತು ಸತ್ತವು, ಇಲಿ ಕಡು ಸಕ್ಕರೆ ಕಾಯಿಲೆಗೆ ಬಿತ್ತು. ಬೊಜ್ಜು ಒಂದೇ, ಹಣೆಬರಹ ಬೇರೆ. ಅದಕ್ಕೇ ದಪ್ಪಗಿರುವ ಎಷ್ಟೋ ಜನ 80 ದಾಟಿದರೂ ಸಕ್ಕರೆ ಇಲ್ಲದೆ ಓಡಾಡುತ್ತಾರೆ, ಕಡ್ಡಿಯಂಥವರು 40ಕ್ಕೆ ಮಾತ್ರೆ ಶುರು ಮಾಡುತ್ತಾರೆ. ಆ ಕಡ್ಡಿಯಂಥವರಿಗೆ ಯಾರೂ "ಮಾಡಿದ್ದುಣ್ಣೋ" ಅನ್ನುವುದಿಲ್ಲ ಗಮನಿಸಿ. ಅವರಿಗೆ "ಅಯ್ಯೋ ಪಾಪ".

ಇದೇ ನನ್ನ ಹೊಟ್ಟೆಯೊಳಗಿನ ಸಂಕಟ. ಗಿಡ್ಡಗಿರುವವನನ್ನು ಯಾರೂ "ಸ್ವಲ್ಪ ಪ್ರಯತ್ನ ಪಡಬಾರದಾ" ಅಂತ ಕೇಳುವುದಿಲ್ಲ. ದಪ್ಪಗಿರುವವರನ್ನು ಕಂಡರೆ ಮಾತ್ರ ಎಲ್ಲರೂ ಡಾಕ್ಟರು, ಎಲ್ಲರೂ ಗುರುಗಳು. ನಿಜವಾದ ಡಾಕ್ಟರೂ ಕಡಿಮೆ ಇಲ್ಲ. ನನ್ನ ಅಕ್ಕನ ಜೊತೆ ಒಮ್ಮೆ ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಅವಳಿಗೆ ಇದ್ದದ್ದು ಭುಜದ ನೋವು. ಡಾಕ್ಟರು ತಲೆ ಎತ್ತದೆ "ಮೊದಲು ತೂಕ ಇಳಿಸಿ" ಅಂದರು. ಭುಜ ಮುಟ್ಟಿಯೂ ನೋಡಲಿಲ್ಲ. ಅಲ್ಲೇ ಮೂಲೆಯಲ್ಲಿ ತೂಕದ ಯಂತ್ರ. ಅಕ್ಕ ಚಪ್ಪಲಿ ಬಿಟ್ಟಳು, ವಾಚು ಬಿಚ್ಚಿದಳು, ಕೊನೆಗೆ ಕನ್ನಡಕವನ್ನೂ ತೆಗೆದು ನನ್ನ ಕೈಗೆ ಕೊಟ್ಟು ಹತ್ತಿದಳು. ಕನ್ನಡಕ ಇಲ್ಲದೆ ಅಂಕಿ ಕಾಣಲಿಲ್ಲ. "ಎಷ್ಟಿದೆ ನೋಡೋ" ಅಂದಳು. ನಾನು ಮೂರು ಕಿಲೋ ಕಡಿಮೆ ಓದಿದೆ. ಅವಳಿಗೆ ಗೊತ್ತಾಯಿತು, ಏನೂ ಅನ್ನಲಿಲ್ಲ.

ಇನ್ನು ನಮ್ಮ ಪತ್ರಿಕೆಗಳದ್ದೂ ತಪ್ಪಿದೆ, ಮುಚ್ಚಿಡೋದು ಯಾಕೆ. ಎಡಪುಟದಲ್ಲಿ ವಿಜ್ಞಾನ, ಬಲಪುಟದಲ್ಲಿ "ಹದಿನೈದೇ ದಿನದಲ್ಲಿ ಹೊಟ್ಟೆ ಮಾಯ" ಅನ್ನುವ ಪುಡಿಯ ಜಾಹೀರಾತು. ಅಂಥವನ್ನು ನಾನು ಬೇಡ ಅಂದಾಗೆಲ್ಲ ನಮ್ಮ ಜಾಹೀರಾತು ವಿಭಾಗದವರು ಎರಡು ದಿನ ನನ್ನ ಜೊತೆ ಮಾತಾಡುವುದಿಲ್ಲ. ನಾಚಿಕೆಯನ್ನು ಮಾರುವಷ್ಟು ಸುಲಭದ ವ್ಯಾಪಾರ ಬೇರೆ ಇಲ್ಲ ನೋಡಿ. ಕೋಲ್ಮನ್ ಅವರಂಥವರಿಗೆ ಜಾಹೀರಾತು ಕೊಡುವವರು ಯಾರು? ಇಲಿ ಹೊಲಿದು ಕೂರುತ್ತೇನೆ, ಏನು ಸಿಗುತ್ತೋ ಗೊತ್ತಿಲ್ಲ ಅಂತ ಇವತ್ತು ಯಾರಾದರೂ ಅರ್ಜಿ ಹಾಕಿದರೆ "ಉಪಯೋಗ ಏನು" ಅನ್ನುವ ಕಾಲಂನಲ್ಲೇ ಬಿದ್ದುಹೋಗುತ್ತದೆ. 2010ರಲ್ಲಿ ಕೋಲ್ಮನ್‌ಗೂ ಫ್ರೀಡ್‌ಮನ್‌ಗೂ ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿಯಾದ ಲಾಸ್ಕರ್ ಬಂತು. ನೊಬೆಲ್ ಬರಲಿಲ್ಲ. ಕೋಲ್ಮನ್ 2014ರಲ್ಲಿ ತೀರಿಕೊಂಡರು.

ಕೊನೆಗೆ ನಿಮ್ಮ ತಮ್ಮನ ವಿಷಯ. ಒಂದೇ ಮನೆ, ಒಂದೇ ಅಡುಗೆ, ನೀವು ಇಳಿಸಿದಿರಿ, ಅವರಿಂದ ಆಗಲಿಲ್ಲ ಅಂತ ಬರೆದಿದ್ದೀರಿ. ಅಣ್ಣತಮ್ಮಂದಿರಲ್ಲಿ ಜೀನ್‌ಗಳ ಹಂಚಿಕೆ ಇಸ್ಪೀಟು ಎಲೆ ಹಂಚಿದ ಹಾಗೆ, ಇಬ್ಬರ ಕೈಗೂ ಒಂದೇ ಎಲೆ ಬರುವುದಿಲ್ಲ. ನಿಮಗೆ ಎಷ್ಟು ಹಸಿವಾಗುತ್ತದೆ ಅಂತ ನಿಮಗೆ ಗೊತ್ತು, ಅವರಿಗೆ ಎಷ್ಟು ಆಗುತ್ತದೆ ಅಂತ ಯಾವತ್ತಾದರೂ ಕೇಳಿದ್ದೀರಾ? ಆ ಪುಟ ಅವರ ಹತ್ತಿರವೇ ಇರಲಿ, ಕಿತ್ತುಕೊಳ್ಳಬೇಡಿ. ಮುಂದಿನ ಪತ್ರ ಅವರ ಕೈಲಿ ಬರೆಸಿ, ಎರಡೂವರೆ ಪುಟ ಆದರೂ ಸರಿ, ಒಂದಕ್ಷರ ಕತ್ತರಿಸದೆ ಹಾಕುತ್ತೇನೆ.

— ಸಂ.