ದಿನಾ ಬೆಳಗ್ಗೆ ಬರುವ ‘ಶುಭೋದಯ’ದ ಬಗ್ಗೆ

ನಿಮ್ಮ ಸೋದರಮಾವ ದಿನಾ ಬೆಳಗ್ಗೆ ಹೂವಿನ ಚಿತ್ರದ ಜೊತೆ ‘ಶುಭೋದಯ’ ಕಳಿಸುತ್ತಾರೆ, ಫೋನ್ ಮಾಡಿದರೆ ಮಾತ್ರ ಎರಡೇ ನಿಮಿಷಕ್ಕೆ ಇಟ್ಟುಬಿಡುತ್ತಾರೆ, ಇದ್ಯಾಕೆ ಹೀಗೆ ಅಂತ ಕೇಳಿದ್ದೀರಿ. ನನಗೂ ಮೊದಲು ಅರ್ಥ ಆಗಿರಲಿಲ್ಲ.

ನಮ್ಮ ದೊಡ್ಡಮ್ಮ ತಿಪಟೂರಿನಲ್ಲಿ ಒಬ್ಬರೇ ಇರುವುದು. ಬೆಳಗ್ಗೆ ಐದೂಮುಕ್ಕಾಲಿಗೆ ಅವರ ಚಿತ್ರ ಬರುತ್ತದೆ. ಇಬ್ಬನಿ ಬಿದ್ದ ದಾಸವಾಳ, ಪಕ್ಕದಲ್ಲಿ ಹಬೆಯಾಡುವ ಕಾಫಿ ಲೋಟ. ಹೋದ ಮಳೆಗಾಲದಲ್ಲಿ ಒಂದು ದಿನ ಬರಲಿಲ್ಲ. ಎಂಟು ಗಂಟೆಗೆ ನನ್ನ ತಂಗಿ ಗಾಬರಿಯಾಗಿ ಫೋನ್ ಮಾಡಿದಳು. ದೊಡ್ಡಮ್ಮ ಜ್ವರ ಬಂದು ಮಲಗಿದ್ದರು, ನೀರು ಕುಡಿಯಲೂ ಎದ್ದಿರಲಿಲ್ಲ. ಆ ದಾಸವಾಳದ ಅರ್ಥ ‘ಎದ್ದಿದ್ದೀನಿ, ಚೆನ್ನಾಗಿದ್ದೀನಿ’ ಅಂತ ನನಗೆ ಹೊಳೆದದ್ದು ಅವತ್ತೇ.

ಫೋನಿನಲ್ಲಿ ಮಾತು ಬೆಳೆಸಲು ಆ ವಯಸ್ಸಿನವರಿಗೆ ಒಂಥರಾ ಸಂಕೋಚ. ಎಸ್‌ಟಿಡಿ ಬೂತಿನಲ್ಲಿ ಮೀಟರ್ ಓಡುವುದನ್ನೇ ನೋಡುತ್ತಾ ಮಾತಾಡಿದವರು, ಅಲ್ವಾ?

ಫೋನ್ ತುಂಬಿಹೋಗುತ್ತದೆ ಅನ್ನುವ ನಿಮ್ಮ ದೂರು ನಿಜ. ಭಾರತದಲ್ಲಿ ಫೋನುಗಳು ಬೇಗ ಭರ್ತಿಯಾಗಲು ಈ ಚಿತ್ರಗಳೂ ಒಂದು ಕಾರಣ ಅಂತ ಗೂಗಲ್‌ನವರು ಕಂಡುಕೊಂಡದ್ದು 2018ರಲ್ಲಿ ಸುದ್ದಿಯಾಗಿತ್ತು. ವಾಟ್ಸಾಪ್ ಸೆಟ್ಟಿಂಗ್ಸ್‌ಗೆ ಹೋಗಿ, ‘ಸ್ಟೋರೇಜ್ ಅಂಡ್ ಡೇಟಾ’ ಒಳಗೆ ಫೋಟೋ ತಾನಾಗೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಸಾಕು.

ಮಾವನನ್ನು ಮಾತ್ರ ದಯವಿಟ್ಟು ಬ್ಲಾಕ್ ಮಾಡಬೇಡಿ. ಸುಮ್ನೆ ಕೈಮುಗಿಯುವ ಇಮೋಜಿ ಹಾಕುವ ಬದಲು ‘ಮಾವ, ತಿಂಡಿ ಆಯ್ತಾ?’ ಅಂತ ಬರೆದು ನೋಡಿ. ನಾನು ಹಾಗೆ ಕೇಳಿದ ದಿನ ದೊಡ್ಡಮ್ಮ ತಾವೇ ಫೋನ್ ಮಾಡಿ, ಅರ್ಧ ಗಂಟೆ ಕೊಬ್ಬರಿ ರೇಟಿನ ಕಥೆ ಹೇಳಿದರು.