ನಡು ಮಧ್ಯಾಹ್ನ ಬ್ಲೈಂಡ್ ಬಿಟ್ಟು ಏಳಬೇಡಿ

ಸರ್, ನಿಮ್ಮ ಪ್ಲಾನ್ ಪೂರ್ತಿ ಓದಿದೆ. ಅಮೆರಿಕದ ವಯೋಮಿಂಗ್ ರಾಜ್ಯದ ಬೇಟೆ ಲಾಟರಿಯಲ್ಲಿ (ಡ್ರಾ) ನಿಮಗೆ ಪ್ರಾಂಗ್‌ಹಾರ್ನ್ ಅನ್ನುವ ಜಿಂಕೆಯಂಥ ಪ್ರಾಣಿಯ ಟ್ಯಾಗ್, ಅಂದರೆ ಒಂದನ್ನು ಹೊಡೆಯುವ ಅನುಮತಿ, ಸಿಕ್ಕಿದೆ, ಆಗಸ್ಟ್ 15ಕ್ಕೆ ಬಿಲ್ಲು ಬಾಣದ (ಆರ್ಚರಿ) ಸೀಸನ್ ಶುರು. ಶನಿವಾರ ಬೆಳಿಗ್ಗೆ ಹೋಗಿ ನೀರಿನ ಹೊಂಡದ ಹತ್ತಿರ ಬ್ಲೈಂಡ್ (ಒಳಗೆ ಅಡಗಿ ಕೂರುವ ಬಟ್ಟೆಯ ಗುಡಾರ) ಹಾಕಿ 10 ಗಂಟೆವರೆಗೆ ಕೂರ್ತೀನಿ, ಬಿಸಿಲಿಗೆ ಊರಿಗೆ ಬಂದು ಊಟ ಮಾಡಿ, ಸಂಜೆ 5ಕ್ಕೆ ಮತ್ತೆ ಕೂರ್ತೀನಿ ಅಂತ ಬರೆದಿದ್ದೀರಿ. ದಯವಿಟ್ಟು ಹೀಗೆ ಮಾಡಬೇಡಿ. ನನ್ನ ಮೊದಲ ವರ್ಷದ ಪ್ಲಾನ್ ಇದೇ ಆಗಿತ್ತು.

ಇದು ಬೆಳಿಗ್ಗೆ, ಸಂಜೆ ಹೊತ್ತು ಹೆಚ್ಚು ಓಡಾಡುವ ವೈಟ್‌ಟೇಲ್ ಜಿಂಕೆಯ ಲೆಕ್ಕ. ಪ್ರಾಂಗ್‌ಹಾರ್ನ್‌ಗೆ ಇದು ನಡೆಯಲ್ಲ. ಅದು ಬಟ್ಟ ಬಯಲಲ್ಲಿ ಹಗಲು ಹೊತ್ತೇ ಓಡಾಡುವ ಪ್ರಾಣಿ. ಬಿಸಿಲು ಏರಿದ ಮೇಲೆ, 11ರಿಂದ 4ರ ಒಳಗೆ ಎಷ್ಟೋ ಸಲ ನೀರಿಗೆ ಬರುತ್ತದೆ. ನಾನು ಮೊದಲ ದಿನ ಊಟಕ್ಕೆ ಹೋಗಿ ಬಂದಾಗ, ಬೆಳಿಗ್ಗೆ ಕೆಸರಲ್ಲಿ ಮೂಡಿದ್ದ ನನ್ನ ಬೂಟಿನ ಗುರುತಿನ ಮೇಲೇ ಗೊರಸಿನ ಗುರುತು ಬಿದ್ದಿತ್ತು. ಅದರೊಳಗೆ ನೀರು ಇನ್ನೂ ಜಿನುಗುತ್ತಿತ್ತು. ಎರಡನೇ ದಿನವೂ ಎದ್ದು ಹೋದೆ, ಬಂದು ನೋಡಿದರೆ ಮತ್ತೆ ಅದೇ.

ಮೂರನೇ ದಿನ ಹಟ ಹಿಡಿದು ಕೂತೆ. ಒಳಗೆ ಒಲೆ ಥರ ಕಾವು. ಗಾಳಿ ಬರಲಿ ಅಂತ ಹಿಂದಿನ ಕಿಟಕಿ ಅರ್ಧ ತೆಗೆದೆ. ಮಧ್ಯಾಹ್ನ ಒಂದು ಗಂಟೆ ಆಗಿರಬೇಕು, ಒಂದು ಗಂಡು ದಿಬ್ಬ ಇಳಿದು ಸೀದಾ ಬಂತು. ರೇಂಜ್‌ಫೈಂಡರ್‌ನಲ್ಲಿ ಅಳೆದರೆ 41 ಗಜ ದೂರ. ಅಲ್ಲೇ ನಿಂತಿತು. ಕೆನ್ನೆಯ ಕಪ್ಪು ಪಟ್ಟಿ, ಮೂಗಿನ ಮೇಲೆ ಕೂತ ನೊಣ, ಎಲ್ಲ ಕಾಣುತ್ತಿತ್ತು. ನಾನು ಬಿಲ್ಲಿಗೆ ಕೈ ಹಾಕಿದೆ, ಅಷ್ಟೇ. ಹಿಂದಿನಿಂದ ಬೆಳಕು ಬೀಳುತ್ತಿದ್ದರಿಂದ ನನ್ನ ತೋಳು ಅದಕ್ಕೆ ಪರದೆ ಮೇಲಿನ ಗೊಂಬೆ ಥರ ಕಂಡಿದೆ. ಪೃಷ್ಠದ ಬಿಳಿ ಕೂದಲು ಅರಳಿತು, ಮರುಕ್ಷಣ ಧೂಳು. ಗಂಟೆಗೆ 55 ಮೈಲಿ ಓಡುವ ಪ್ರಾಣಿ ಅದು. ಆ ವರ್ಷದ ಟ್ಯಾಗ್ ಹಾಗೇ ಉಳಿಯಿತು.

ಆಮೇಲಿಂದ ನನ್ನ ಕ್ರಮ ಒಂದೇ. ಬ್ಲೈಂಡ್ ಒಂದು ವಾರ ಮೊದಲೇ ಹಾಕಿ, ನಾಲ್ಕೂ ಕಡೆ ಬಿಗಿಯಾಗಿ ಕಟ್ಟುತ್ತೇನೆ. ಗಾಳಿಗೆ ಬಟ್ಟೆ ಪಟಪಟ ಅನ್ನಬಾರದು. ಕತ್ತಲಲ್ಲೇ ಒಳಗೆ ಹೋಗುತ್ತೇನೆ, ಕತ್ತಲಾದ ಮೇಲೇ ಹೊರಗೆ. ಹಿಂದಿನ ಮತ್ತು ಪಕ್ಕದ ಕಿಟಕಿ ಪೂರ್ತಿ ಮುಚ್ಚಿರಬೇಕು. ಮೈಮೇಲೆ ಕಪ್ಪು ಅಂಗಿ, ಕಪ್ಪು ಕೈಗವಸು, ಮುಖಕ್ಕೂ ಕಪ್ಪು. ಒಳಗೆಲ್ಲ ಕಪ್ಪು ಇರುವಾಗ ಗಿಡ ಎಲೆ ಚಿತ್ರದ ದುಬಾರಿ ಕ್ಯಾಮೊ ಬಟ್ಟೆ ಹಾಕಿ ಏನು ಪ್ರಯೋಜನ? ಒಬ್ಬರಿಗೆ ನಾಲ್ಕು ಲೀಟರ್ ಕುಡಿಯುವ ನೀರು, ಬೆನ್ನಿಗೆ ಆಸರೆ ಇರುವ ಕುರ್ಚಿ, ಒಂದು ಪುಸ್ತಕ. 14 ಗಂಟೆ ಕೂರೋದು ಕಷ್ಟ, ನಿಜ. ಆದರೆ ಕೂರಲೇಬೇಕು. ಎರಡು ದಿನ ಸಾಲಲ್ಲ, ಕನಿಷ್ಠ ನಾಲ್ಕು ದಿನ ರಜೆ ಹಾಕಿ.

ಮಳೆ ಬಂದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ಹಳ್ಳ ಗುಂಡಿಯಲ್ಲೆಲ್ಲ ನೀರು ನಿಂತರೆ ನಿಮ್ಮ ಹೊಂಡಕ್ಕೆ ಯಾಕೆ ಬರುತ್ತವೆ? ಆಗ ಬೇಲಿ ನೋಡಿ. ನಾನು ರಾಣೆಬೆನ್ನೂರು ಕಡೆಯವನು, ಕೃಷ್ಣಮೃಗ ನೋಡಿಕೊಂಡೇ ಬೆಳೆದವನು. ಮೊದಲ ಸಲ ಪ್ರಾಂಗ್‌ಹಾರ್ನ್ ಕಂಡಾಗ ನಮ್ಮೂರಿನದೇ ಅನ್ನಿಸಿತ್ತು. ಆದರೆ ಕೃಷ್ಣಮೃಗ ಚಿಮ್ಮಿ ಹಾರುತ್ತದೆ, ಇದು ಸಾಮಾನ್ಯವಾಗಿ ಬೇಲಿ ಹಾರಲ್ಲ, ಕೆಳಗಿನಿಂದ ನುಸುಳುತ್ತದೆ. ಕೆಳಗಿನ ತಂತಿಯ ಮುಳ್ಳಿಗೆ ಬಿಳಿ ಕೂದಲು ಸಿಕ್ಕಿಕೊಂಡು, ಅಡಿಯಲ್ಲಿ ನೆಲ ಸವೆದು ನುಣುಪಾಗಿದ್ದರೆ ಅದೇ ಅವುಗಳ ದಾರಿ. ಮಳೆ ಬಿದ್ದ ವರ್ಷ ನಾನು ಬ್ಲೈಂಡ್ ಹಾಕೋದು ಅಂಥ ಜಾಗದಿಂದ 25 ಗಜ ದೂರದಲ್ಲಿ.

ಡಿಕಾಯ್ (ಪ್ರಾಣಿಯನ್ನು ಹತ್ತಿರ ಸೆಳೆಯಲು ನಿಲ್ಲಿಸುವ ನಕಲಿ ಪ್ರಾಂಗ್‌ಹಾರ್ನ್) ಬಗ್ಗೆ ಕೇಳಿದ್ದೀರಿ. ಆಗಸ್ಟ್‌ನಲ್ಲಿ ಸುಮ್ನೆ ಭಾರ. ಸೆಪ್ಟೆಂಬರ್ ನಡುವಿಗೆ ಬೆದೆ ಶುರುವಾದಾಗ ಗಂಡು ಅದನ್ನು ಓಡಿಸಲು ನುಗ್ಗಿ ಬರುತ್ತದೆ. ಮೊಂಟಾನಾ ಡಿಕಾಯ್ ಕಂಪನಿಯದ್ದು ಹಗುರ, ಮಡಚಬಹುದು, ನನಗೆ ಇಷ್ಟ. ಆದರೆ ರೈಫಲ್ ಸೀಸನ್ ಶುರುವಾದ ಕಡೆ ಅದನ್ನು ಹೊತ್ತು ಓಡಾಡಲೇಬೇಡಿ. ಜೀವಕ್ಕೆ ಅಪಾಯ. ಬ್ಲೈಂಡ್‌ಗೆ ದುಡ್ಡು ಹಾಕೋದಾದರೆ ಡಬಲ್ ಬುಲ್ ಬ್ರ್ಯಾಂಡಿನದು ತಗೊಳ್ಳಿ, ಕಿಟಕಿ ಸದ್ದಿಲ್ಲದೆ ತೆರೆಯುತ್ತದೆ. ನನ್ನ ಹಳೇ ಅಗ್ಗದ್ದರ ಜಿಪ್ ಎಳೆದರೆ ಅರ್ಧ ಮೈಲಿಗೆ ಕೇಳುತ್ತಿತ್ತು.

ಅಭ್ಯಾಸ ಹಿತ್ತಲಲ್ಲಿ ನಿಂತು ಮಾಡ್ತಿದ್ದೀರಿ ಅಲ್ವಾ? ನಾಳೆಯಿಂದಲೇ ಬ್ಲೈಂಡ್ ಒಳಗೆ, ಅದೇ ಕುರ್ಚಿಯಲ್ಲಿ, ಅದೇ ಕೈಗವಸು ಹಾಕಿ ಹೊಡೆಯಿರಿ. ಹೆದೆಯಲ್ಲಿ ಗುರಿ ನೋಡುವ ತೂತಿನಲ್ಲಿ (ಪೀಪ್) ಕಿಟಕಿ ಖಾಲಿ ಕಂಡರೂ ಬಾಣ ಕೆಲವು ಇಂಚು ಕೆಳಗಿರುತ್ತದೆ, ಕಿಟಕಿಯ ಅಂಚಿಗೆ ತಾಗುತ್ತದೆ. ಬ್ಲೈಂಡ್‌ನಿಂದ ಹೊಡೆತ ಹೆಚ್ಚಾಗಿ ಸಿಗೋದು 15ರಿಂದ 30 ಗಜದೊಳಗೆ, ಬಾಣ ಅದೇ ದೂರದಲ್ಲಿ ನೆಟ್ಟಗೆ ಹೋಗಬೇಕು. ಬಯಲಲ್ಲಿ ಕಣ್ಣಳತೆ ಮೋಸ ಮಾಡುತ್ತದೆ, ಕೂತ ಕೂಡಲೇ ಸುತ್ತಲಿನ ಕಲ್ಲು, ಸೇಜ್ ಗಿಡ ಎಲ್ಲ ಅಳೆದಿಟ್ಟುಕೊಳ್ಳಿ. ನೀರಿಗೆ ಬಾಯಿಟ್ಟ ಕೂಡಲೇ ಹೆದೆ ಎಳೆಯಬೇಡಿ. ಮೊದಲು ಎರಡು ಮೂರು ಸಲ ಬಗ್ಗಿ ತಟ್ಟನೆ ತಲೆ ಎತ್ತುತ್ತದೆ. ನಿಜವಾಗಿ ಕುಡಿಯಲು ಶುರುಮಾಡಿ ಗಂಟಲು ಆಡುವಾಗ ಎಳೆಯಿರಿ. ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆ ತಿರುಗಿರಬೇಕು. ಎದುರು ನಿಂತದ್ದಕ್ಕೆ ಎಂದೂ ಬಿಡಬೇಡಿ. ಗಾಯಮಾಡಿ ಕಳೆದುಕೊಳ್ಳೋದಕ್ಕಿಂತ ಬರಿಗೈಲಿ ಬರೋದು ಎಷ್ಟೋ ವಾಸಿ.

ಜಾಗದ ವಿಷಯ. ದಕ್ಷಿಣ ವಯೋಮಿಂಗ್‌ನಲ್ಲಿ ಹಿಂದೆ ರೈಲ್ವೆಗೆ ಕೊಟ್ಟ ಭೂಮಿಯ ಪಟ್ಟೆಯಲ್ಲಿ ಒಂದು ಚೌಕ ಸರ್ಕಾರದ್ದು, ಪಕ್ಕದ್ದು ಖಾಸಗಿ. ಗಾಳಿಯಂತ್ರದ ನೀರಿನ ತೊಟ್ಟಿ ಕಂಡ ಕೂಡಲೇ ಕುಣಿಯಬೇಡಿ, ಆನ್‌ಎಕ್ಸ್ ಮ್ಯಾಪ್ ಆ್ಯಪ್‌ನಲ್ಲಿ ಜಮೀನು ಯಾರದ್ದು ಅಂತ ನೋಡಿ, ಖಾಸಗಿಯಾದರೆ ರ‍್ಯಾಂಚ್ ಮನೆಗೆ ಹೋಗಿ ಕೇಳಿ. ಗೇಟು ಹೇಗಿತ್ತೋ ಹಾಗೇ ಬಿಡಿ. ರಾಜ್ಯದ ಟ್ರಸ್ಟ್ ಜಮೀನಿನಲ್ಲಿ ರಾತ್ರಿ ತಂಗಲು ಟೆಂಟ್ ಹಾಕುವಂತಿಲ್ಲ, ಕೇಂದ್ರ ಸರ್ಕಾರದ ಭೂ ನಿರ್ವಹಣಾ ಬ್ಯೂರೊದ (ಬಿಎಲ್‌ಎಂ) ಜಮೀನು ಹುಡುಕಿ. ಆರ್ಚರಿ ಲೈಸೆನ್ಸ್ ಮತ್ತು ಕನ್ಸರ್ವೇಶನ್ ಸ್ಟ್ಯಾಂಪ್ ಟ್ಯಾಗ್ ಜೊತೆ ಬರಲ್ಲ, ಬೇರೆ ತಗೋಬೇಕು. ಪ್ರಾಣಿ ಬಿದ್ದ ಜಾಗ ಬಿಡುವ ಮೊದಲು ಟ್ಯಾಗ್‌ನ ಕೂಪನ್‌ಗೆ ದಿನಾಂಕ, ಸಹಿ ಹಾಕಿ.

ಮಾಂಸ ವಾಸನೆ ಅನ್ನುವವರ ಮಾತು ನಂಬಬೇಡಿ. ಅದರ ಕೂದಲು ಒಳಗೆ ಟೊಳ್ಳು, ಕಾವು ಹಿಡಿದಿಡುತ್ತದೆ, ತಡಮಾಡಿದರೆ ಮಾಂಸ ಕೆಟ್ಟು ವಾಸನೆ ಬರುತ್ತದೆ. ಫೋಟೋಗೆ ಅರ್ಧ ಗಂಟೆ ಕಳೆಯದೆ ಕರುಳು ತೆಗೆದು, ಚರ್ಮ ಸುಲಿದು, ನೆರಳಿಗೆ ತನ್ನಿ. ಮಾಂಸ ಇಡುವ ಕೂಲರ್ ಪೆಟ್ಟಿಗೆ ದುಬಾರಿ ಯೇಟಿ ಬ್ರ್ಯಾಂಡಿನದೇ ಆಗಬೇಕಿಲ್ಲ. ಎರಡು ಲೀಟರಿನ ಬಾಟಲಿಗಳಲ್ಲಿ ನೀರು ತುಂಬಿ ಮನೆಯಲ್ಲೇ ಮಂಜುಗಡ್ಡೆ ಮಾಡಿ ಒಯ್ಯಿರಿ, ಕರಗಿದರೂ ಮಾಂಸ ನೆನೆಯಲ್ಲ. ಬ್ಯಾಕ್‌ಸ್ಟ್ರಾಪ್ (ಬೆನ್ನೆಲುಬಿನ ಪಕ್ಕದ ಮೆತ್ತನೆ ಮಾಂಸ) ಕುಕ್ಕರಿಗೆ ಹಾಕಬೇಡಿ ಸರ್, ಕಾದ ಕಾವಲಿ ಮೇಲೆ ತುಪ್ಪ, ಕರಿಮೆಣಸು, ಆ ಕಡೆ ಈ ಕಡೆ ಎರಡೆರಡು ನಿಮಿಷ ಸಾಕು. ಕಾಲಿನ ಮಾಂಸ ಸಾರಿಗೆ ಇಟ್ಟುಕೊಳ್ಳಿ, ಮುದ್ದೆ ಜೊತೆ ಚೆನ್ನಾಗಿರುತ್ತದೆ.

ನಿಮ್ಮ ಟ್ಯಾಗ್ ಯಾವ ಬೇಟೆ ಪ್ರದೇಶಕ್ಕೋ ಅದರ ನಂಬರ್ (ಯೂನಿಟ್) ಇಲ್ಲಿ ಹಾಕಿ. ಆ ಕಡೆ ನಾನು ಓಡಾಡಿದ್ದರೆ ಯಾವ ಹೊಂಡ ಆಗಸ್ಟ್‌ಗೆ ಒಣಗುತ್ತದೆ ಅಂತ ಹೇಳ್ತೀನಿ.